ಆಂಟನಿ ಕೂಗದೆ ಗೆದ್ದದ್ದು

ಆಂಟನಿ ಕೂಗಬಾರದು ಎಂದು ನಾನು ಅಂದಾಗ ನಮ್ಮ ನಾಟಕ ತಂಡದಲ್ಲಿ ಒಬ್ಬರೂ ಒಪ್ಪಲಿಲ್ಲ. ಹೆಣದ ಮುಂದೆ ನಿಂತು ಊರನ್ನೇ ಎಬ್ಬಿಸುವ ಭಾಷಣ, ಗಂಟಲು ಏರಿಸದಿದ್ದರೆ ಹಿಂದಿನ ಸಾಲಿಗೆ ಏನು ಮುಟ್ಟುತ್ತದೆ ಎಂದು ನಕ್ಕರು. ಆರೇಳು ಪ್ರದರ್ಶನ ಸೋತ ಮೇಲೆ, ಕಳೆದ ಮಳೆಗಾಲದಲ್ಲಿ ಅದು ಕೈಗೂಡಿತು.

ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’, ಮೂರನೆಯ ಅಂಕ, ಎರಡನೆಯ ದೃಶ್ಯ. ರಂಗದ ಮಂದಿಗೆ ಇಷ್ಟು ಸಾಕು. ಉಳಿದವರಿಗೆ: ಬ್ರೂಟಸ್ ಮತ್ತು ಸಂಗಡಿಗರು ಸೀಸರನನ್ನು ಕೊಂದಿದ್ದಾರೆ. ಅವನು ಮಹತ್ವಾಕಾಂಕ್ಷಿ, ಅದಕ್ಕೇ ಕೊಂದೆವು ಎಂದು ಬ್ರೂಟಸ್ ರೋಮಿನ ಜನರನ್ನು ಒಪ್ಪಿಸಿ ಹೋಗುತ್ತಾನೆ. ಆಮೇಲೆ ಸೀಸರನ ಗೆಳೆಯ ಆಂಟನಿ ಹೆಣದ ಮುಂದೆ ಮಾತನಾಡಿ ಅದೇ ಜನರನ್ನು ಕೊಂದವರ ಮೇಲೆ ತಿರುಗಿಸುತ್ತಾನೆ.

ಮೊದಲು ಸಿಕ್ಕಿಹಾಕಿಕೊಂಡದ್ದು ಒಂದೇ ಪದದಲ್ಲಿ. ಕೊಂದವರನ್ನು ಆಂಟನಿ ಕರೆಯುವ ‘ಆನರಬಲ್’ ಎಂಬುದು ಭಾಷಣದುದ್ದಕ್ಕೂ ಹತ್ತು ಸಲದಷ್ಟು ಬರುತ್ತದೆ. ‘ಗೌರವಾನ್ವಿತ’ ಎಂದು ಹಾಕಿದೆವು. ಸನ್ಮಾನ ಸಮಾರಂಭದ ನಿರೂಪಣೆಯಂತೆ ಕೇಳಿಸಿತು. ‘ಮಾನ್ಯ’ ಎಂದರೆ ವಿಧಾನಸಭೆ. ಕೊನೆಗೆ ‘ಸಂಭಾವಿತ’ ಸಿಕ್ಕಿತು. ಹೊಗಳಿಕೆಯೂ ಹೌದು, ಸ್ವಲ್ಪ ಎಳೆದು ಹೇಳಿದರೆ ಬೈಗುಳವೂ ಹೌದು. ಹುಡುಕಿದ್ದು ನಾನೇ, ಹೇಳಿಕೊಳ್ಳಲು ಸಂಕೋಚವಿಲ್ಲ.

ಆದರೆ ನಮ್ಮ ನಟ ಮೊದಲ ಸಲವೇ ಅದನ್ನು ಎಳೆದುಬಿಟ್ಟ. ಸಭೆ ನಕ್ಕಿತು, ನಾಲ್ಕನೆಯ ಸಲಕ್ಕೆ ಆಕಳಿಸಿತು. ಇದೇ ತಪ್ಪನ್ನು ಎರಡು ವರ್ಷ ಮಾಡಿದೆವು. ಉತ್ತರ ಮೂಲದಲ್ಲಿಯೇ ಇತ್ತು. ಆ ಪದವನ್ನು ಬಾಯಿಬಿಟ್ಟು ಉಗುಳುವವನು ಆಂಟನಿಯಲ್ಲ, ನಾಲ್ಕನೆಯ ನಾಗರಿಕ: ‘ದ್ರೋಹಿಗಳು ಅವರು! ಸಂಭಾವಿತರಂತೆ!’ ಅಲ್ಲಿಯವರೆಗೆ ಆಂಟನಿ ಅದನ್ನು ನಂಬಿಯೇ ಹೇಳಬೇಕು, ತುಸು ಹೆದರಿಕೊಂಡು. ನಮ್ಮನ್ನು ದೂರಬಾರದು ಎಂಬ ಷರತ್ತಿನ ಮೇಲೆ ತಾನೆ ಬ್ರೂಟಸ್ ಅವನಿಗೆ ಅನುಮತಿ ಕೊಟ್ಟದ್ದು? ಆ ನಾಗರಿಕನನ್ನು ರಂಗದಿಂದ ಇಳಿಸಿ ಪ್ರೇಕ್ಷಕರ ಆರನೆಯ ಸಾಲಿನಲ್ಲಿ ಕೂರಿಸಿದೆ. ಅಲ್ಲಿಂದ ಎಲ್ಲವೂ ತಿರುಗಿತು.

ನಡುವೆ ಒಂದು ಹುಚ್ಚು ಪ್ರಯೋಗ. ತಾಳಮದ್ದಳೆಯಲ್ಲಿ ಕೂತಲ್ಲೇ ಮಾತು ಹೆಣೆದು ವಾದಿಸುವ ಅರ್ಥಧಾರಿಯೊಬ್ಬರಿಗೆ ಬ್ರೂಟಸ್ ಕೊಟ್ಟು, ಆಂಟನಿ ಮಾತನಾಡುವಾಗಲೂ ಅಲ್ಲೇ ಇರಿ, ಬೇಕಾದಲ್ಲಿ ಉತ್ತರಿಸಿ ಎಂದೆ. ಸೀಸರ್ ಕಿರೀಟವನ್ನು ಮೂರು ಸಲ ನಿರಾಕರಿಸಿದ್ದರಲ್ಲ, ಅದು ಮಹತ್ವಾಕಾಂಕ್ಷೆಯೇ ಎಂದು ಆಂಟನಿ ಕೇಳಿದ್ದೇ ತಡ, ‘ನಾಲ್ಕನೆಯ ಸಲಕ್ಕೆ ಕಾಯಬೇಕಿತ್ತೇ?’ ಎಂದರು. ಆಂಟನಿ ಹತ್ತು ನಿಮಿಷದಲ್ಲಿ ಮಣ್ಣುಮುಕ್ಕಿದ. ಮೂಲದಲ್ಲಿ ಬ್ರೂಟಸ್ ಸೋತದ್ದು ಆಂಟನಿಯಂತೆ ಪದ್ಯದಲ್ಲಲ್ಲದೆ ಗದ್ಯದಲ್ಲಿ ಮಾತನಾಡಿದ್ದಕ್ಕಲ್ಲ, ತನ್ನ ಮಾತು ಮುಗಿಸಿ ಹೊರಟುಹೋದದ್ದಕ್ಕೆ ಎಂದು ನನಗೆ ಹೊಳೆದದ್ದು ಆ ಸಂಜೆ.

ಹಣ ಹೋದದ್ದು ಆಂಟನಿ ಜನರಿಗೆ ಎತ್ತಿ ತೋರಿಸುವ ಸೀಸರನ ಮೇಲಂಗಿಗೆ. ಬಟ್ಟೆ, ಹೊಲಿಗೆ ಸೇರಿ ನಾಲ್ಕು ಸಾವಿರದ ಹತ್ತಿರ. ಮೂರನೆಯ ಪ್ರದರ್ಶನಕ್ಕೆ ಚಿಂದಿ. ಈಗ ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿದ ಹಳೆಯ ಪಂಚೆ, ಖರ್ಚು ಇನ್ನೂರು ದಾಟುವುದಿಲ್ಲ. ಅದರಲ್ಲಿ ಇರಿದವರ ಹೆಸರಿನ ಮೂರು ದೊಡ್ಡ ತೂತು: ಕ್ಯಾಸಿಯಸ್, ಕ್ಯಾಸ್ಕ, ಬ್ರೂಟಸ್. ಇಲ್ಲಿ ನಿಧಾನ ಮಾಡಬೇಡಿ. ಕೊಲೆಯ ಹೊತ್ತಿಗೆ ಆಂಟನಿ ಅಲ್ಲಿರಲೇ ಇಲ್ಲ, ಸಂಚುಗಾರರಲ್ಲೊಬ್ಬನಾದ ಟ್ರೆಬೋನಿಯಸ್ ಅವನನ್ನು ಮೊದಲೇ ಆಚೆ ಕರೆದೊಯ್ದಿದ್ದ. ಆದರೂ ಯಾವ ತೂತು ಯಾರದು ಎಂದು ಬೆರಳಿಟ್ಟು ತೋರಿಸುತ್ತಾನೆ. ಸಭೆಗೆ ಯೋಚಿಸಲು ಬಿಡುವು ಕೊಟ್ಟರೆ ಕೆಟ್ಟಿತು.

ಸೀಸರನ ಉಯಿಲನ್ನು ಮಾತ್ರ ಎಷ್ಟು ಎಳೆದರೂ ನಡೆಯುತ್ತದೆ. ಕಾಗದ ತೋರಿಸಿ, ಓದುವುದಿಲ್ಲ ಎಂದು, ಕೆಳಗಿಳಿದು, ಹೆಣದ ಸುತ್ತ ಜನರನ್ನು ನಿಲ್ಲಿಸಿ, ದಂಗೆ ಹೊತ್ತಿಕೊಂಡ ಮೇಲೆ, ಪ್ರತಿ ನಾಗರಿಕನಿಗೂ ತಲೆಗೆ ಎಪ್ಪತ್ತೈದು ದ್ರಾಕ್ಮ (ಆಗಿನ ನಾಣ್ಯ) ಎಂದು ಓದುವವರೆಗೆ. ಅಷ್ಟು ಹೊತ್ತು ಆ ಕಾಗದ ಯಾವ ಕೈಯಲ್ಲಿ, ಹೇಗೆ ಇರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿ.

ಕಳೆದ ಪ್ರದರ್ಶನದಲ್ಲಿ ಮೈಕ್ ಇರಲಿಲ್ಲ. ಉಯಿಲನ್ನು ಮಡಚಿದಾಗ ಹಿಂದಿನಿಂದ ಯಾರೋ ಹಿರಿಯರು, ನಮ್ಮವರಲ್ಲ, ‘ಓದಪ್ಪ, ಓದು’ ಎಂದರು. ನಟ ಮುಂದಿನ ಸಾಲು ಮರೆತ. ಬಾಡಿಗೆ ಕಳೆದು ಆ ದಿನ ಕೈಯಲ್ಲಿ ಉಳಿದದ್ದು ಎಂಟುನೂರು ರೂಪಾಯಿಯೋ ಏನೋ.