ಬೇಸ್ ಮಾಡೆಲ್ ಟಿಯಾಗೋ, ಭಾವನ ಜೆಟಿಪಿ ಮತ್ತು ಸಂಪಾಜೆ ಘಾಟಿ: ನನ್ನ ಅನುಭವ

"ಎಷ್ಟು ದುಡ್ಡು ಸುರಿದರೂ ಬೇಸ್ ಬೇಸೇ ಕಣೋ" ಅಂತ ಭಾವ ನಮ್ಮ ಮನೆ ಅಂಗಳದಲ್ಲೇ ನಿಂತು ಹೇಳಿದ್ದರು. ಅವರದು 2018ರ ಟಾಟಾ ಟಿಯಾಗೋ ಜೆಟಿಪಿ, ಅಂದರೆ ಟರ್ಬೊ ಎಂಜಿನ್ನಿನ ಸ್ಪೋರ್ಟಿ ಮಾದರಿ, ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ನನ್ನದು 2019ರ ಎಕ್ಸ್‌ಇ ಪೆಟ್ರೋಲ್, ಅದೇ ಕಾರಿನ ಬೇಸ್ ಮಾಡೆಲ್. ನನ್ನದನ್ನು ಜೆಟಿಪಿಯ ಹತ್ತಿರಕ್ಕೆ ತರಬೇಕೆಂಬ ಆಸೆ ಇದ್ದರೂ ಅವತ್ತು ನಾನು ಎದುರಾಡಲಿಲ್ಲ. ಈಗ ಎರಡು ಮಳೆಗಾಲ ಕಳೆದಿದೆ, ಲೆಕ್ಕ ಕೈಯಲ್ಲಿದೆ.

ಎಂಜಿನ್ ವಿಷಯದಲ್ಲಿ ವಾದವೇ ಇಲ್ಲ. ನನ್ನದು ಟರ್ಬೊ ಇಲ್ಲದ 1.2 ಲೀಟರ್, ಶಕ್ತಿ 85 ಪಿಎಸ್, ಎಳೆತ (ಟಾರ್ಕ್) 114 ಎನ್‌ಎಂ. ಅವರದು ಅದೇ 1.2 ಲೀಟರಿಗೆ ಟರ್ಬೊ ಹಾಕಿ 114 ಪಿಎಸ್, 150 ಎನ್‌ಎಂ. ಎಂಜಿನ್ ಮುಟ್ಟುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ನನ್ನ ಹಟ ಇದ್ದದ್ದು ಟಯರಿನ ಮೇಲೆ. ಬೇಸ್‌ಗೆ ಬರುವುದು 155/80 ಆರ್13, ಜೆಟಿಪಿಗೆ 185/60 ಆರ್15 (ಮೊದಲ ಅಂಕಿ ಟಯರಿನ ಅಗಲ ಮಿಲಿಮೀಟರಿನಲ್ಲಿ, ಕೊನೆಯದು ರಿಮ್ಮಿನ ಅಳತೆ ಇಂಚಿನಲ್ಲಿ). ಕೊಡಗಿನ ತಿರುವುಗಳಲ್ಲಿ ಎರಡರ ಅಂತರ ಇರುವುದು ಮುಕ್ಕಾಲು ಪಾಲು ಅಲ್ಲೇ ಎಂದು ನನಗೆ ಅನ್ನಿಸಿತ್ತು.

ಮೊದಲ ಪ್ರಯತ್ನ ಪೂರ್ತಿ ನೆಲಕಚ್ಚಿತು. ಜೆಟಿಪಿಯ ಅಳತೆಯನ್ನೇ ತಂದೆ. ಅಲಾಯ್ ರಿಮ್, ಟಯರ್ ಸೇರಿ ಸುಮಾರು 38 ಸಾವಿರ. ನೋಡಲು ಚೆಂದ, ಆದರೆ ಘಾಟಿ ಹತ್ತುವಾಗ ಕಾರು ಸತ್ತಂತಾಯಿತು. ಎರಡನೇ ಗೇರಿನಲ್ಲಿ ತಿರುಗುತ್ತಿದ್ದ ಹೇರ್‌ಪಿನ್‌ಗಳಲ್ಲಿ ಒಂದನೇ ಗೇರಿಗೆ ಇಳಿಸಬೇಕಾಯಿತು. ರಾತ್ರಿ ಕೂತು ಲೆಕ್ಕ ಹಾಕಿದೆ. ಹಳೆ ಟಯರಿನ ಹೊರವ್ಯಾಸ 578 ಮಿಲಿಮೀಟರ್, ಹೊಸದರದು 603. ಶೇಕಡ 4ರಷ್ಟು ದೊಡ್ಡದು, ಅಂದರೆ ಎಲ್ಲ ಗೇರೂ ಅಷ್ಟೇ ಉದ್ದವಾದ ಹಾಗೆ. ಟರ್ಬೊ ಅದನ್ನು ಎಳೆಯುತ್ತದೆ, ನನ್ನ ಎಂಜಿನ್ ಎಳೆಯಲಿಲ್ಲ. ಮೈಲೇಜ್ ಬಿತ್ತು ಎಂದು ಕೂಡ ಗಾಬರಿಯಾಗಿದ್ದೆ. ಅದರಲ್ಲಿ ಸ್ವಲ್ಪ ಸುಳ್ಳು, ಯಾಕೆಂದರೆ ದೊಡ್ಡ ಟಯರಿಗೆ ಮೀಟರೇ ಕಡಿಮೆ ಕಿಲೋಮೀಟರ್ ತೋರಿಸುತ್ತದೆ. ಅದನ್ನು ಸೇರಿಸಿ ನೋಡಿದರೆ ಲೀಟರಿಗೆ ಒಂದು ಕಿಲೋಮೀಟರ್ ಹೋಗಿತ್ತು, ಅಷ್ಟೇ.

ಮೇಲಿಂದ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ ಮಳೆ. ನೀರು ತುಂಬಿದ ಗುಂಡಿಯೊಂದಕ್ಕೆ ಎಡಗಡೆಯ ಮುಂದಿನ ಚಕ್ರ ಬಿದ್ದು ಅಲಾಯ್ ಸೊಟ್ಟಗಾಯಿತು. ನಾಲ್ಕನ್ನೂ 17 ಸಾವಿರಕ್ಕೆ ಕೊಟ್ಟು ಕೈತೊಳೆದುಕೊಂಡೆ. 21 ಸಾವಿರ ನೀರಿಗೆ.

ಮಧ್ಯೆ ಕೋನ್ ಏರ್ ಫಿಲ್ಟರ್ ಹಾಕಿ ನೋಡಿದ್ದೂ ಇದೆ. ನಾಲ್ಕೂವರೆ ಸಾವಿರ. ಸದ್ದು ಜಾಸ್ತಿಯಾಯಿತು, ಎಳೆತ ಅಷ್ಟೇ ಇತ್ತು, ಬೇಸಿಗೆಯಲ್ಲಿ ತೋಟದ ರಸ್ತೆಯ ಕೆಂಪು ಧೂಳು ಫಿಲ್ಟರಿನಲ್ಲಿ ಹಿಟ್ಟಿನ ಹಾಗೆ ಕೂತಿತ್ತು. ತೆಗೆದು ಹಳೆಯದನ್ನೇ ಹಾಕಿದೆ.

ಕೊನೆಗೆ ಕೈಹಿಡಿದದ್ದು 175/65 ಆರ್14. ಟಿಯಾಗೋದ ಮೇಲಿನ ಮಾದರಿ ಎಕ್ಸ್‌ಝಡ್‌ಗೆ ಕಂಪನಿಯೇ ಕೊಡುವ ಅಳತೆ. ವ್ಯಾಸ 583 ಮಿಲಿಮೀಟರ್, ಹಳೆಯದಕ್ಕಿಂತ ಐದೇ ಮಿಲಿಮೀಟರ್ ಹೆಚ್ಚು. ಗೇರಿಗೂ ಮೀಟರಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ. 2019ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಗಾಡಿಯ ಮೂಲ ರೂಪ ಬದಲಿಸಲು ನನಗೆ ಭಯವೇ, ಆ ದೃಷ್ಟಿಯಿಂದಲೂ ಇದು ನೆಮ್ಮದಿ. ಹಳೆ ಸ್ಟೀಲ್ ರಿಮ್ ನಾಲ್ಕು 5 ಸಾವಿರಕ್ಕೆ ಸಿಕ್ಕವು, ಟಯರಿಗೆ 16-17 ಸಾವಿರ, ಮುಂದಿನ ಬ್ರೇಕ್ ಪ್ಯಾಡ್, ಅಲೈನ್‌ಮೆಂಟ್ ಸೇರಿ ಎಲ್ಲ 25 ಸಾವಿರದ ಒಳಗೆ. ಟಯರಿಗೆ ಎಷ್ಟು ಗಾಳಿ ಇಡುತ್ತೇನೆ, ಯಾವ ಕಂಪನಿಯ ಪ್ಯಾಡ್ ಹಾಕಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಒಂದು ವರ್ಷ ಸುರಿದಿದ್ದೇನೆ.

ಪರೀಕ್ಷೆ ಮಾಡಿದ್ದು ನಮ್ಮ ಕಾಫಿ ಕಣದಲ್ಲಿ. ಜೂನ್‌ನಲ್ಲಿ ಕಣ ಖಾಲಿ, ಸಿಮೆಂಟಿನ ಮೇಲೆ ತೆಳುವಾಗಿ ಪಾಚಿ. ಡಿಕ್ಕಿಯಲ್ಲಿ 50 ಕೆಜಿಯ ಒಂದು ಚೀಲ, ಅಡ್ಡಕ್ಕೆ ಸುಣ್ಣದ ಗೆರೆ, ಗೆರೆ ಮುಟ್ಟುವಾಗ 40ರ ವೇಗದಲ್ಲಿ ಬ್ರೇಕ್. ಹದಿಮೂರು ಇಂಚಿನ ಟಯರಿನಲ್ಲಿ ಗೆರೆಯಿಂದ ಹತ್ತೊಂಬತ್ತು ಹೆಜ್ಜೆ ಹೋಗಿ ನಿಲ್ಲುತ್ತಿತ್ತು. ಹದಿನಾಲ್ಕರಲ್ಲಿ ಹದಿನೈದು. ಭಾವನ ಕಾರು ಹದಿನಾಲ್ಕು. ಭಾವ ತಾವೇ ಇಳಿದು ಮತ್ತೊಮ್ಮೆ ಹೆಜ್ಜೆ ಎಣಿಸಿದರು.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಐದಕ್ಕೆ, ಮಳೆ ಬಿಟ್ಟ ರಸ್ತೆಯಲ್ಲಿ, ಮಡಿಕೇರಿಯಿಂದ ಸಂಪಾಜೆಗೆ ಇಳಿದೆವು. ಭಾವ ಮುಂದೆ, ನಾನು ಹಿಂದೆ. ಕೆಳಗೆ ಮುಟ್ಟುವಾಗ ಅವರ ಕಾರು ನನ್ನ ಕಣ್ಣೆದುರೇ ಇತ್ತು. ಹತ್ತುವಾಗ ಮಾತ್ರ ಮೂರು ನಿಮಿಷ ಹಿಂದುಳಿದೆ. ಹಳೆ ಟಯರಿನಲ್ಲಿ ಆರು ನಿಮಿಷ ಇದ್ದದ್ದು ಮೂರಕ್ಕೆ ಇಳಿದಿದೆ, ಇನ್ನು ಇಳಿಯುವುದಿಲ್ಲ. ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ. ಮೇಲೇರಿದಂತೆ ಗಾಳಿ ತೆಳುವಾಗಿ ನನ್ನಂಥ ಎಂಜಿನ್ ಹತ್ತರಲ್ಲಿ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ, ಟರ್ಬೊ ಆ ಗಾಳಿಯನ್ನು ಒತ್ತಿ ತುಂಬಿಕೊಳ್ಳುತ್ತದೆ. ದಿನಾ ಮಂಗಳೂರಿಗೆ ಹತ್ತಿ ಇಳಿಯುವವರು ಜೆಟಿಪಿಯನ್ನೇ ಹುಡುಕಿ, ಕಣ್ಣುಮುಚ್ಚಿ ಹೇಳುತ್ತೇನೆ.

ಸುಂಟಿಕೊಪ್ಪದ ಈಚೆಗಿನ ನಮ್ಮ ತೋಟದ ರಸ್ತೆಯ ಕತೆ ಬೇರೆ. ಜೀಪು ಓಡಿ ಓಡಿ ಮಧ್ಯದ ಮಣ್ಣು ದಿಬ್ಬದಂತೆ ಎದ್ದಿದೆ. ಜೆಟಿಪಿ ಬೇಸ್‌ಗಿಂತ 4 ಮಿಲಿಮೀಟರ್ ತಗ್ಗು. ನಾಲ್ಕೇ ಅಲ್ಲವೇ ಎನ್ನಬಹುದು, ಮೂವರು ಕೂತರೆ ಆ ನಾಲ್ಕರ ಬೆಲೆ ಗೊತ್ತಾಗುತ್ತದೆ. ಈ ಕಕ್ಕಡದಲ್ಲಿ ಭಾವ ಎರಡು ಸಲ ತಮ್ಮ ಕಾರನ್ನು ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿ, ನನ್ನದರ ಕೀಲಿ ಇಸಕೊಂಡು ತೋಟಕ್ಕೆ ಹೋದರು.