ಕುಯ್ಲಿನ ತಿಂಗಳುಗಳಲ್ಲಿ ಮಕ್ಕಳ ಎತ್ತರ: ನನ್ನ ಅನುಭವ

ಕೊಡಗಿನ ಸಿದ್ದಾಪುರದ ಕಡೆ, ಕಾಫಿ ತೋಟಗಳ ನಡುವೆ ಇರುವ ಅಂಗನವಾಡಿಯಲ್ಲಿ ನಾನು ಕಾರ್ಯಕರ್ತೆ. ಬರುವ ಮಕ್ಕಳಲ್ಲಿ ಹೆಚ್ಚಿನವರು ಲೈನ್ ಮನೆಯವರು, ಅಂದರೆ ತೋಟದ ಕೂಲಿಯವರು ಇರುವ ಸಾಲುಮನೆಯವರು. ಯರವರು, ಜೇನುಕುರುಬರು, ಈಚೆಗೆ ಅಸ್ಸಾಂನಿಂದ ಬಂದವರು. "ಬಡವರ ಮಕ್ಕಳು, ಅದಕ್ಕೇ ಬೆಳೆದಿಲ್ಲ" ಎಂದು ಹೇಳಿಬಿಡುವುದು ಸುಲಭ. ಅದು ಸುಳ್ಳೂ ಅಲ್ಲ. ಆದರೆ ಮಾತು ಅಲ್ಲಿಗೇ ನಿಂತರೆ ನಮ್ಮಂಥವರು ಮಾಡುವುದಕ್ಕೆ ಏನೂ ಉಳಿಯುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ದೇಶದ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ದೇಶದಲ್ಲಿ ತೀರಾ ಬಡ ಮನೆಗಳನ್ನೇ ತೆಗೆದುಕೊಂಡರೆ ಇದು ಶೇ 46, ತೀರಾ ಅನುಕೂಲಸ್ಥರಲ್ಲಿ ಶೇ 23. ದುಡ್ಡಿಗೂ ಎತ್ತರಕ್ಕೂ ಸಂಬಂಧ ಇದ್ದೇ ಇದೆ. ಆದರೆ ಅನುಕೂಲ ಇರುವ ಮನೆಯಲ್ಲೂ ಹತ್ತಿರ ಹತ್ತಿರ ನಾಲ್ಕರಲ್ಲೊಂದು ಮಗುವಿಗೆ ಹೀಗಾಗುತ್ತಿದೆ ಎಂದರೆ, ಬಂದ ದುಡ್ಡು ಮಗುವಿನ ಬಾಯಿಯವರೆಗೆ ಹೇಗೆ ಬರುತ್ತದೆ ಎಂದೂ ನೋಡಬೇಕು ಅಲ್ವಾ?

ಮೊದಲು ಅಳತೆ ಸರಿ ಇರಬೇಕು. ಎರಡು ವರ್ಷದೊಳಗಿನವರನ್ನು ಹಲಗೆಯ ಮೇಲೆ ಮಲಗಿಸಿ ಅಳೆಯುತ್ತೇವೆ. ಸಹಾಯಕಿ ತಲೆಯನ್ನು ಮೇಲಿನ ಪಟ್ಟಿಗೆ ತಾಗಿಸಿ ಹಿಡಿಯುತ್ತಾರೆ. ನಾನು ಮೊಣಕಾಲು ಮೆಲ್ಲಗೆ ಒತ್ತಿ, ಪಾದ ನೇರ ಮಾಡಿ, ಕೆಳಗಿನ ಪಟ್ಟಿಯನ್ನು ಹಿಮ್ಮಡಿಗೆ ತರುತ್ತೇನೆ. ಮಗು ಅಳುತ್ತದೆ, ಕಾಲು ಮಡಚುತ್ತದೆ. ಅವಸರ ಮಾಡಿದರೆ ಒಂದು ಸೆಂಟಿಮೀಟರ್ ಹೋಯಿತು. ಎರಡನೇ ವರ್ಷದಲ್ಲಿ ಮಗು ತಿಂಗಳಿಗೆ ಬೆಳೆಯುವುದೇ ಸುಮಾರು ಒಂದು ಸೆಂಟಿಮೀಟರ್! ಅದಕ್ಕೇ ಎರಡು ಸಲ ಅಳೆಯದೆ ನಾನು ಬರೆಯುವುದಿಲ್ಲ. ಎರಡು ವರ್ಷ ತುಂಬಿದ ಹುಡುಗಿ ನಿಂತಾಗ 79 ಸೆಂಟಿಮೀಟರ್ ಕೂಡ ಇಲ್ಲ ಎಂದರೆ ಅದು ಕುಂಠಿತ ಬೆಳವಣಿಗೆ. ಕೆನ್ನೆ ತುಂಬಿಕೊಂಡು ಗುಂಡಗಿದ್ದರೂ ಅಷ್ಟೇ. ಬರೀ ತೂಕ ನೋಡಿದರೆ ಎಷ್ಟೋ ಸಲ ಇದು ಗೊತ್ತೇ ಆಗುವುದಿಲ್ಲ.

"ನಾವೂ ಗಿಡ್ಡ ಅಲ್ವಾ ಟೀಚರ್" ಎಂದು ತಾಯಂದಿರು ಹೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಈ ಅಳತೆಗಳನ್ನು ಆರು ದೇಶಗಳ ಮಕ್ಕಳನ್ನು ನೋಡಿ ಮಾಡಿದೆ, ಅದರಲ್ಲಿ ನಮ್ಮ ದೆಹಲಿಯ ಮಕ್ಕಳೂ ಇದ್ದರು ಎಂದು ನಾನು ಹೇಳುತ್ತೇನೆ. ಸರಿಯಾಗಿ ಉಂಡು, ಕಾಯಿಲೆ ಕಡಿಮೆ ಇದ್ದರೆ ಚಿಕ್ಕ ಮಕ್ಕಳು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ರೀತಿ ಬೆಳೆಯುತ್ತಾರೆ.

ಎತ್ತರದ ಪಕ್ಕದಲ್ಲಿ ಇನ್ನೊಂದು ವಿಷಯ ಬರೆಯಲು ಶುರು ಮಾಡಿದೆ: ಆ ತಿಂಗಳು ಮನೆಯವರಿಗೆ ಎಷ್ಟು ದಿನ ಕೆಲಸ ಸಿಕ್ಕಿತು, ಹಗಲು ಮಗು ಯಾರ ಹತ್ತಿರ ಇತ್ತು. ಜೂನ್, ಜುಲೈ ಮಳೆಯಲ್ಲಿ ಕೆಲಸ ಕಡಿಮೆ, ಮಕ್ಕಳಿಗೆ ಭೇದಿ, ಕೆಮ್ಮು ಜಾಸ್ತಿ. ಆಗ ಬೆಳವಣಿಗೆ ಕುಗ್ಗುವುದು ಗೊತ್ತಿದ್ದ ಸಂಗತಿ. ಪುಸ್ತಕ ತುಂಬುತ್ತಾ ಹೋದಂತೆ ಕಂಡದ್ದು ಬೇರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಅಂದರೆ ಮನೆಗೆ ವರ್ಷದಲ್ಲೇ ಹೆಚ್ಚು ದುಡ್ಡು ಬರುವ ಕುಯ್ಲಿನ ಕಾಲದಲ್ಲಿ, ಒಂದು ವರ್ಷದ ಆಸುಪಾಸಿನ ಮಕ್ಕಳು ಸರಿಯಾಗಿ ಬೆಳೆದಿರಲಿಲ್ಲ.

ಕಾರಣ ತೋಟದಲ್ಲೇ ಇದೆ. ಕುಯ್ಲಿನಲ್ಲಿ ಕೆಜಿ ಲೆಕ್ಕ. ತಾಯಿ ಬೆಳಗ್ಗೆ ಹೋದರೆ ಹಣ್ಣು ತೂಗಿಸಿ ಬರುವಾಗ ಸಂಜೆ. ನಡುವೆ ಹಾಲು ಕುಡಿಸಲು ಲೈನಿಗೆ ಬಂದುಹೋದರೆ ಅಷ್ಟು ಕೆಜಿ ಕಡಿಮೆಯಾಗುತ್ತದೆ. ಮಗುವನ್ನು ನೋಡಿಕೊಳ್ಳುವುದು ಒಂಬತ್ತು ವರ್ಷದ ಅಕ್ಕ, ಅದೂ ಶಾಲೆ ಬಿಟ್ಟು. ಆ ಹುಡುಗಿ ಕೊಡುವುದು ನೀರುಗಂಜಿ, ಚಹಾದಲ್ಲಿ ಅದ್ದಿದ ಬಿಸ್ಕತ್ತು. ಪಾಪ, ಅವಳಾದರೂ ಏನು ಮಾಡಿಯಾಳು? ಇನ್ನು ಬಂದ ಕೂಲಿಯಲ್ಲಿ ಮಳೆಗಾಲದ ಅಡ್ವಾನ್ಸ್ ಮುರಿದುಕೊಳ್ಳುತ್ತಾರೆ. ಉಳಿದದ್ದು ಗಂಡನ ಲೆಕ್ಕಕ್ಕೆ ಸೇರಿ ಅವನ ಕೈಗೆ ಹೋಗುತ್ತದೆ. ಹೆಂಡತಿ ಕುಯ್ದದ್ದೂ ಅದರಲ್ಲೇ.

1951ರ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಎಂದಿತ್ತು. ನಮ್ಮ ಸುತ್ತಲಿನವು ಸಣ್ಣ ತೋಟಗಳು, ಅಷ್ಟು ಹೆಣ್ಣಾಳುಗಳು ಎಲ್ಲಿ? ಸರ್ಕಾರದ 'ಕೂಸಿನ ಮನೆ' ಒಳ್ಳೆಯ ಯೋಜನೆ. ಆದರೆ ಅದು ಪಂಚಾಯಿತಿ ಊರಲ್ಲಿದ್ದರೆ ಲೈನ್ ಮನೆಯವರಿಗೆ ದೂರ.

ಹಾಗಾಗಿ ಒಂದು ತೋಟದ ಯಜಮಾನರ ಹತ್ತಿರ ಹೋಗಿ, ಪುಸ್ತಕ ಬಿಚ್ಚಿಟ್ಟು ಎರಡು ವಿಷಯ ಕೇಳಿದೆ. ಕುಯ್ಲು ಮುಗಿಯುವವರೆಗೆ ಲೈನಿನ ಒಬ್ಬ ಅಜ್ಜಿಗೆ ದಿನಗೂಲಿ ಕೊಟ್ಟು ಮೂರು ವರ್ಷದೊಳಗಿನ ಮಕ್ಕಳನ್ನು ಒಂದೇ ಕಡೆ ನೋಡಿಕೊಳ್ಳುವಂತೆ ಮಾಡಿ. ಹಾಲು ಕುಡಿಸುವ ತಾಯಂದಿರನ್ನು ಲೈನಿಗೆ ಹತ್ತಿರದ ಪಟ್ಟೆಗೆ, ಅಂದರೆ ತೋಟದ ಹತ್ತಿರದ ಭಾಗಕ್ಕೆ ಹಾಕಿ. ಅವರು ಒಪ್ಪಿದರು. ತೋಟದ ಲೆಕ್ಕ ಬರೆಯುವ ರೈಟರ ಹತ್ತಿರ ಕೇಳಿದ್ದು ಇಷ್ಟೇ: ಹೆಂಡತಿಯ ಕೆಜಿ ಹೆಂಡತಿಯ ಹೆಸರಲ್ಲೇ ಬರೆದು, ಬಟವಾಡೆ ದಿನ ಅವಳ ಕೈಗೇ ಕೊಡಿ. ಇದಕ್ಕೆ ಕೆಲವು ಗಂಡಸರು ಮುಖ ಸಿಂಡರಿಸಿದರು. ನಾನು ಬಿಡಲಿಲ್ಲ.

ಅಜ್ಜಿಗೆ ಹೇಳಿಕೊಟ್ಟದ್ದು ಕಷ್ಟದ್ದೇನಲ್ಲ. ಗಂಜಿಯ ತಿಳಿ ಕೊಡಬೇಡಿ, ಚಮಚ ಓರೆ ಮಾಡಿದರೆ ಜಾರದಷ್ಟು ಗಟ್ಟಿ ಇರಲಿ. ಅನ್ನ, ಬೇಳೆ ನುಣ್ಣಗೆ ಕಿವುಚಿ, ಒಂದು ಚಮಚ ಎಣ್ಣೆಯೋ ತುಪ್ಪವೋ ಹಾಕಿ. ಮೊಟ್ಟೆ ಇದ್ದ ದಿನ ಬೇಯಿಸಿ ಅದರಲ್ಲೇ ಕಲಸಿ. ಉಣಿಸುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಬಿಸ್ಕತ್ತು ಬೇಡ. ಅಜ್ಜಿ ತಾವಾಗಿಯೇ ಕೆಂಬು (ಕೆಸು) ಸೊಪ್ಪು ಬೇಯಿಸಿ ಸೇರಿಸತೊಡಗಿದರು. ತುರಿಕೆ ಹೋಗುವಂತೆ ಬೇಯಿಸುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಎರಡು ವರ್ಷ ದಾಟಿದ ಮಕ್ಕಳ ಎತ್ತರದಲ್ಲಿ ದೊಡ್ಡ ಬದಲಾವಣೆ ಆಗಲಿಲ್ಲ. ಹೊಟ್ಟೆಯಲ್ಲಿದ್ದಾಗಿನಿಂದ ಎರಡು ತುಂಬುವವರೆಗಿನ ಸಾವಿರ ದಿನ ಕಳೆದ ಮೇಲೆ ಹೋದದ್ದನ್ನು ತುಂಬುವುದು ಬಹಳ ಕಷ್ಟ. ಬೆಳವಣಿಗೆಯ ಚಾರ್ಟಿನಲ್ಲಿ ಚಿಕ್ಕವರ ಗೆರೆ ಮಾತ್ರ ಆ ಕುಯ್ಲಿನಲ್ಲಿ ಮೊದಲಿನಂತೆ ಕೆಳಕ್ಕೆ ಬಾಗಲಿಲ್ಲ. ಭೇದಿಯೂ ಕಡಿಮೆಯಾಯಿತು. ಸಂತೆಯಿಂದ ಬರುವಾಗ ಹೆಂಗಸರ ಚೀಲದಲ್ಲಿ ಮೊಟ್ಟೆ, ಹೆಸರುಕಾಳು ಕಾಣಿಸುತ್ತಿತ್ತು. ಶಾಲೆ ಬಿಟ್ಟಿದ್ದ ಆ ಅಕ್ಕಂದಿರು ಮತ್ತೆ ಶಾಲೆಗೆ ಹೋದರು. ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಅದೇ.

ಈ ಸಲ ಪಕ್ಕದ ಎರಡು ತೋಟದವರ ಹತ್ತಿರವೂ ಮಾತಾಡಿದ್ದೇನೆ. ಒಬ್ಬರು ಒಪ್ಪಿದ್ದಾರೆ. ಇನ್ನೊಬ್ಬರು "ಅರಾಬಿಕಾ ಹಣ್ಣಾಗಲಿ, ನೋಡೋಣ" ಎಂದಿದ್ದಾರೆ. ಅಷ್ಟರೊಳಗೆ ಅವರ ಲೈನಿನ ಮಕ್ಕಳ ಎತ್ತರ ಅಳೆದು ಇಟ್ಟುಕೊಳ್ಳುತ್ತಿದ್ದೇನೆ.