ಕಳವಾದ ಮನೆ, ಕಳೆದುಹೋದ ನೆನಪಿನ ಒಡವೆ: ಮುಂದೇನು ಮಾಡಬೇಕು?

ಮನೆಗೆ ಕಳ್ಳ ನುಗ್ಗಿ ಹೋದಾಗ ಎರಡು ಬಗೆಯ ನಷ್ಟ ಒಟ್ಟಿಗೇ ಆಗುತ್ತದೆ. ನಗದು, ಲ್ಯಾಪ್‌ಟಾಪ್, ಫೋನು ಮುಂತಾದವನ್ನು ಕಷ್ಟಪಟ್ಟಾದರೂ ಮತ್ತೆ ಸಂಪಾದಿಸಬಹುದು. ಅಜ್ಜಿಯ ಬಳೆ, ತೀರಿಕೊಂಡ ತಂದೆಯ ಕೈಗಡಿಯಾರ, ಪತ್ರಗಳನ್ನಿಟ್ಟಿದ್ದ ಹಳೆಯ ಪೆಟ್ಟಿಗೆ ಆ ಲೆಕ್ಕಕ್ಕೆ ಸಿಗುವುದಿಲ್ಲ. ಮೊದಲ ಬಗೆಯ ನಷ್ಟಕ್ಕೆ ಪೊಲೀಸರು, ಬ್ಯಾಂಕು, ವಿಮಾ ಕಂಪನಿ ಎಂದು ಕೇಳುವವರು ಇದ್ದಾರೆ. ಎರಡನೆಯದನ್ನು ಹೇಳಿಕೊಳ್ಳಲು ಹೊರಟರೆ ‘ಜೀವಕ್ಕೇನೂ ಆಗಲಿಲ್ಲವಲ್ಲ, ಅಷ್ಟೇ ಸಾಕು’ ಎಂಬ ಸಮಾಧಾನ ಸಿಗುತ್ತದೆ. ಆ ಮಾತು ನಿಜವೇ ಆದರೂ ಅದನ್ನು ಕೇಳಿದವರಿಗೆ ಮುಂದೆ ಬಾಯಿ ಬಿಡುವ ಮನಸ್ಸಾಗುವುದಿಲ್ಲ. ಇಂಥ ಸಂದರ್ಭದಲ್ಲಿ ಎರಡು ಪ್ರತ್ಯೇಕ ಪಟ್ಟಿಗಳನ್ನು ಬರೆಯುವುದು ಒಳ್ಳೆಯದು. ಒಂದು ತನಿಖೆಗೆ, ಇನ್ನೊಂದು ನಿಮಗೆ. ಇವೆರಡನ್ನೂ ಬೆರೆಸಿದಾಗಲೇ ಹೆಚ್ಚಿನ ತೊಡಕುಗಳು ಹುಟ್ಟುತ್ತವೆ.

ಬೀಗ ಮುರಿದಿರುವುದು ಕಂಡಾಗ

ಬಾಗಿಲ ಬೀಗ ಮುರಿದಿರುವುದೋ ಕಿಟಕಿಯ ಸರಳು ಬಾಗಿರುವುದೋ ಹೊರಗಿನಿಂದಲೇ ಕಂಡರೆ ಒಳಗೆ ಕಾಲಿಡಬಾರದು. ಕಳ್ಳ ಇನ್ನೂ ಒಳಗೇ ಇರಬಹುದು, ಬೀಗ ಮೀಟಿದ ಸಲಾಕೆ ಅವನ ಕೈಯಲ್ಲೇ ಇರಬಹುದು. ನೆರೆಮನೆಗೆ ಹೋಗಿ ಅಲ್ಲಿಂದ ಪೊಲೀಸರಿಗೆ ಕರೆ ಮಾಡಬೇಕು. ಒಳಗೆ ಹೋದ ಮೇಲಷ್ಟೇ ಗೊತ್ತಾದರೆ, ಏನೇನು ಹೋಗಿದೆ ಎಂದು ನೋಡುತ್ತಾ ನಿಲ್ಲದೆ ಹೋದ ದಾರಿಯಲ್ಲೇ ಹೊರಗೆ ಬರಬೇಕು.

ಪೊಲೀಸರು ಬರುವವರೆಗಿನ ಹೊತ್ತು ತುಂಬಾ ಕಷ್ಟದ್ದು. ಚೆಲ್ಲಾಡಿದ ಬಟ್ಟೆಗಳನ್ನು ಮಡಿಸಿಡಬೇಕು, ನೆಲ ಒರೆಸಬೇಕು, ತೆರೆದು ಬಿದ್ದ ಕಪಾಟನ್ನು ಮುಚ್ಚಬೇಕು ಎಂದು ಕೈ ತುಡಿಯುತ್ತದೆ. ಮನೆಯ ಹಿರಿಯರಿಗಂತೂ ಅದನ್ನು ನೋಡಿಕೊಂಡು ಸುಮ್ಮನೆ ಕೂರಲಾಗದು. ಆದರೂ ತಡೆಯಬೇಕು. ಫ್ರಾನ್ಸಿನ ಲಿಯೋನ್ ನಗರದಲ್ಲಿ 1910ರಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದ ಎಡ್ಮಂಡ್ ಲೊಕಾರ್ಡ್ ಅವರ ಹೆಸರಿನಲ್ಲಿ ಒಂದು ತತ್ವವಿದೆ: ಎರಡು ವಸ್ತುಗಳು ಪರಸ್ಪರ ತಾಗಿದಲ್ಲೆಲ್ಲ ಒಂದರ ಕುರುಹು ಇನ್ನೊಂದರ ಮೇಲೆ ಉಳಿಯುತ್ತದೆ. ಗಾಜು, ನುಣುಪಾದ ಲೋಹ, ಬಣ್ಣ ಬಳಿದ ಬಾಗಿಲುಗಳ ಮೇಲೆ ಬೆರಳಚ್ಚು ಚೆನ್ನಾಗಿ ಉಳಿಯುತ್ತದೆ, ಒದ್ದೆ ಬಟ್ಟೆಯ ಒಂದೇ ಒರೆಸಿಗೆ ಅಳಿಸಿಹೋಗುತ್ತದೆ. ಬರಿದಾದ ಒಡವೆಯ ಡಬ್ಬಿಯನ್ನು ವಿಶೇಷವಾಗಿ ಮುಟ್ಟದೆ ಬಿಡಬೇಕು. ಮನೆಯಲ್ಲಿ ಒಬ್ಬಿಬ್ಬರಷ್ಟೇ ಮುಟ್ಟುವ ಅಂಥ ವಸ್ತುವಿನ ಮೇಲೆ ಹೊರಗಿನವರ ಗುರುತನ್ನು ಬೇರ್ಪಡಿಸುವುದು ಸುಲಭ. ಕಿಟಕಿಯ ಹೊರಗೆ ಮಣ್ಣಿನಲ್ಲಿ ಹೆಜ್ಜೆಗುರುತು ಕಂಡು ಮಳೆಯ ಸೂಚನೆಯೂ ಇದ್ದರೆ ಅದರ ಮೇಲೊಂದು ಬಕೆಟ್ಟನ್ನು ಬೋರಲು ಹಾಕಿ ಕಾಪಾಡಬಹುದು. ತನಿಖೆಗೆ ಬಂದವರು ಮನೆಯವರ ಬೆರಳಚ್ಚನ್ನೂ ಕೇಳಿದರೆ ಬೇಸರಪಡಬೇಕಾಗಿಲ್ಲ, ಅದು ನಿಮ್ಮ ಗುರುತುಗಳನ್ನು ಲೆಕ್ಕದಿಂದ ಹೊರಗಿಡುವುದಕ್ಕಾಗಿ.

ಅದೇ ದಿನ ಮುಗಿಸಬೇಕಾದ ಕೆಲಸಗಳು

ಬ್ಯಾಂಕ್ ಕಾರ್ಡು, ಚೆಕ್ ಪುಸ್ತಕ ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ ಅವುಗಳ ಬಳಕೆಯನ್ನು ತಡೆಹಿಡಿಸಬೇಕು. ಫೋನು ಹೋಗಿದ್ದರೆ ಅದನ್ನು ಗುರುತಿಸುವ 15 ಅಂಕಿಗಳ ಐಎಂಇಐ ಸಂಖ್ಯೆ ಖರೀದಿಯ ರಸೀದಿಯಲ್ಲಿ ಅಥವಾ ಡಬ್ಬಿಯ ಮೇಲೆ ಸಿಗುತ್ತದೆ. ಅದನ್ನು ದೂರಿನಲ್ಲಿ ಬರೆಯಬೇಕು, ಫೋನನ್ನು ದೂರದಿಂದಲೇ ಲಾಕ್ ಮಾಡಿ ಪಾಸ್‌ವರ್ಡ್‌ಗಳನ್ನು ಬದಲಿಸಬೇಕು. ಬೀಗದ ಕೈಗಳ ಗೊಂಚಲಿನಲ್ಲಿ ಒಂದೇ ಒಂದು ಕಾಣೆಯಾಗಿದ್ದರೂ ಆ ರಾತ್ರಿಗೆ ಮುಂಚೆ ಬೀಗ ಬದಲಾಗಬೇಕು. ಗುರುತಿನ ಚೀಟಿಗಳನ್ನೂ ಎಣಿಸಿ ನೋಡಿ.

ದೂರನ್ನು ಬರವಣಿಗೆಯಲ್ಲಿ ಕೊಟ್ಟು ಅದರ ಪ್ರತಿಯನ್ನೂ ಸಂಖ್ಯೆಯನ್ನೂ ಪಡೆದುಕೊಳ್ಳಬೇಕು. ಕಳೆದುಹೋದದ್ದೆಲ್ಲ ನೆನಪಾದ ಮೇಲೆ ದೂರು ಕೊಡೋಣವೆಂದು ಕಾಯುವುದು ಬೇಡ. ಮೊದಲ ದಿನ ಕಣ್ಣಿಗೆ ಬೀಳುವುದು ದೊಡ್ಡ ವಸ್ತುಗಳ ಜಾಗ ಮಾತ್ರ, ಮೂಲೆಯ ಡಬ್ಬಿಯೊಳಗಿದ್ದ ಉಂಗುರ ನೆನಪಾಗುವುದು ವಾರದ ನಂತರವೂ ಇರಬಹುದು. ಗೊತ್ತಿರುವಷ್ಟನ್ನು ಆಗಲೇ ಬರೆದುಕೊಟ್ಟು, ಮುಂದೆ ಗಮನಕ್ಕೆ ಬಂದದ್ದನ್ನು ಪೂರಕ ಪಟ್ಟಿಯಾಗಿ ಸಲ್ಲಿಸುವುದಾಗಿ ಅದರಲ್ಲೇ ತಿಳಿಸಬಹುದು.

ಮೊದಲ ಪಟ್ಟಿ: ವಸ್ತುವಿನ ಚಹರೆ

‘ನಮ್ಮ ತಾಯಿಯ ಸರ, ಅಮೂಲ್ಯವಾದದ್ದು’ ಎಂಬ ಒಕ್ಕಣೆಯಿಂದ ತನಿಖೆ ಮಾಡುವವರಿಗೆ ಏನೂ ದೊರೆಯುವುದಿಲ್ಲ. ಅವರ ಮುಂದೆ ಹತ್ತು ಸರಗಳಿದ್ದಾಗ ನಿಮ್ಮದು ಯಾವುದೆಂದು ತೋರಿಸುವ ವಿವರ ಬೇಕು. ಕದ್ದ ಕಲಾಕೃತಿಗಳನ್ನು ಗುರುತಿಸಲು 1990ರ ದಶಕದಲ್ಲಿ ಅಮೆರಿಕದ ಕಲಾಸಂಸ್ಥೆಯಾದ ಗೆಟ್ಟಿಯ ಮುತುವರ್ಜಿಯಲ್ಲಿ ‘ಆಬ್ಜೆಕ್ಟ್ ಐಡಿ’ ಎಂಬ ಅಂತರರಾಷ್ಟ್ರೀಯ ನಮೂನೆಯೊಂದು ರೂಪುಗೊಂಡಿತು. ವಸ್ತು ಯಾವ ಬಗೆಯದು, ಯಾವುದರಿಂದ ಮಾಡಿದ್ದು, ಅಳತೆ ತೂಕಗಳೆಷ್ಟು, ಅದರ ಮೇಲೆ ಬರಹವೋ ಮುದ್ರೆಯೋ ಇದೆಯೇ, ಯಾವ ಕಾಲದ್ದು, ಮಾಡಿದವರು ಯಾರು, ಇಂಥದ್ದೇ ಇನ್ನೊಂದರಿಂದ ಬೇರ್ಪಡಿಸುವ ವಿಶೇಷವೇನು ಎಂದು ಅದು ಕೇಳುತ್ತದೆ. ವಸ್ತುಸಂಗ್ರಹಾಲಯಗಳಿಗೆ ಸಲ್ಲುವ ಆ ನಮೂನೆ ಮನೆಯ ಒಡವೆಗೂ ಅಷ್ಟೇ ಚೆನ್ನಾಗಿ ಒದಗುತ್ತದೆ.

ಇವುಗಳಲ್ಲಿ ಕೊನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಬೇಕು. ಕೊಂಡಿ ಮುರಿದು ಬೆಸುಗೆ ಹಾಕಿಸಿದ ಜಾಗ, ಬದಲಾಯಿಸಿದ ಒಂದು ಹರಳಿನ ಬಣ್ಣದಲ್ಲಿರುವ ಸಣ್ಣ ವ್ಯತ್ಯಾಸ, ಗಡಿಯಾರದ ಗಾಜಿನ ಮೇಲಿನ ಗೀರು, ಬಳೆಯ ಒಳಬದಿಯಲ್ಲಿ ಕೆತ್ತಿಸಿದ ಹೆಸರು, ಹಲವು ವರ್ಷ ತೊಟ್ಟು ಸವೆದ ಅಂಚು — ಅಂಗಡಿಯವನ ಕಣ್ಣಿಗೆ ಇವೆಲ್ಲ ಊನಗಳು, ಗುರುತು ಹಿಡಿಯುವವರಿಗೆ ಇವೇ ಆಧಾರ. ಒಡವೆ ಮಾಡಿದ ಅಥವಾ ದುರಸ್ತಿ ಮಾಡಿದ ಅಕ್ಕಸಾಲಿಗರ ಬಳಿ ದಾಖಲೆ ಇರಬಹುದು. ಗಡಿಯಾರ, ಕ್ಯಾಮೆರಾಗಳ ತಯಾರಿಕಾ ಸಂಖ್ಯೆ ಹಳೆಯ ರಸೀದಿಯಲ್ಲಿ ಸಿಗಬಹುದು. ಆ ಒಡವೆಯನ್ನು ತೊಟ್ಟು ತೆಗೆಸಿಕೊಂಡ ಫೋಟೋಗಳನ್ನು ಬಂಧುಗಳಿಂದಲೂ ಕೇಳಿ ತರಿಸಬೇಕು. ಇನ್ನೊಬ್ಬರ ಸಮಾರಂಭದ ಆಲ್ಬಮ್ಮಿನಲ್ಲಿ ನಿಮ್ಮ ತಾಯಿಯ ಕೊರಳು ಸ್ಪಷ್ಟವಾಗಿ ಬಂದಿರಬಹುದು. ಫೋಟೋ ಇಲ್ಲದಿದ್ದರೆ ಕೈಯಲ್ಲೇ ಚಿತ್ರ ಬರೆಯಿರಿ, ಅಂದಚಂದದ ಚಿಂತೆ ಬೇಡ.

ವಿಮೆ ಇದ್ದವರಿಗೆ ಒಂದು ಮಾತು. ಸಾಮಾನ್ಯವಾಗಿ ವಿಮೆ ಪರಿಹಾರ ಕೊಡುವುದು ವಸ್ತುವಿನ ಹಣದ ಬೆಲೆಗೆ, ಅದರ ಹಿಂದಿನ ನೆನಪಿಗಲ್ಲ. ಪ್ರೀತಿಯ ವಸ್ತುವೆಂದು ಬೆಲೆಯನ್ನು ಏರಿಸಿ ಬರೆದರೆ ಇಡೀ ಕೋರಿಕೆಯೇ ಅನುಮಾನಕ್ಕೆ ಒಳಗಾಗುತ್ತದೆ.

ಹುಡುಕುವುದು ಎಲ್ಲಿ, ಹೇಗೆ?

ಕಳ್ಳರಿಗೆ ಬೇಕಾದದ್ದು ಬೇಗ ಮಾರಾಟವಾಗುವ ಸರಕು. ಅದನ್ನು ತೆಗೆದುಕೊಂಡು ಪೆಟ್ಟಿಗೆ, ಚೀಲ, ಪತ್ರ, ಫೋಟೋಗಳನ್ನು ದಾರಿಯಲ್ಲೇ ಎಸೆದು ಹೋಗುವುದುಂಟು. ಆದ್ದರಿಂದ ಸುತ್ತಲಿನ ಖಾಲಿ ಜಾಗ, ಪೊದೆ, ಚರಂಡಿ, ಕಸದ ತೊಟ್ಟಿಗಳನ್ನು ಬೇಗನೆ, ಕಸ ಸಾಗಿಸುವವರು ಬರುವ ಮುಂಚೆ, ನೋಡುವುದು ಒಳ್ಳೆಯದು. ಏನಾದರೂ ಕಂಡರೆ ಅದು ಇದ್ದಲ್ಲೇ ಫೋಟೋ ತೆಗೆದು ತನಿಖಾಧಿಕಾರಿಗೆ ತಿಳಿಸಬೇಕು.

ಹಳೆಯ ವಸ್ತುಗಳನ್ನು ಕೊಳ್ಳುವ ಅಂಗಡಿ, ಗಿರವಿ ಅಂಗಡಿ, ಆನ್‌ಲೈನ್ ಮಾರಾಟದ ತಾಣಗಳಲ್ಲಿಯೂ ಕಣ್ಣಿಟ್ಟಿರಬಹುದು. ನಿಮ್ಮದೇ ವಸ್ತು ಅಲ್ಲಿ ಕಂಡರೆ ಮಾರುವವರ ಜೊತೆ ಜಗಳಕ್ಕೆ ಹೋಗದೆ, ಗ್ರಾಹಕರಂತೆ ನಟಿಸಿ ಒಬ್ಬರೇ ಭೇಟಿಗೂ ಹೋಗದೆ, ಪುಟದ ಚಿತ್ರವನ್ನೂ ದಿನಾಂಕವನ್ನೂ ಉಳಿಸಿಕೊಂಡು ಪೊಲೀಸರಿಗೆ ಒಪ್ಪಿಸಬೇಕು. ‘ನಿಮ್ಮ ಒಡವೆ ನನ್ನ ಬಳಿ ಇದೆ, ಮೊದಲು ಹಣ ಕಳುಹಿಸಿ’ ಎಂಬ ಕರೆ ಬಂದರೆ ಅದನ್ನು ಎರಡನೆಯ ಕಳ್ಳತನದ ಪ್ರಯತ್ನವೆಂದೇ ತಿಳಿಯುವುದು ಕ್ಷೇಮ.

ಚಿನ್ನ ಬೆಳ್ಳಿಗಳ ವಿಷಯದಲ್ಲಿ ಕಹಿಯಾದರೂ ಒಂದನ್ನು ಹೇಳಲೇಬೇಕು. ಅವನ್ನು ಕರಗಿಸಿಬಿಟ್ಟರೆ ಗುರುತೇ ಉಳಿಯುವುದಿಲ್ಲ, ಅದಕ್ಕೆ ಹೆಚ್ಚು ದಿನವೂ ಬೇಕಾಗಿಲ್ಲ. ಸಂಖ್ಯೆಯಿರುವ ಗಡಿಯಾರ, ವಾದ್ಯ, ಕ್ಯಾಮೆರಾಗಳು ಕೈಯಿಂದ ಕೈಗೆ ದಾಟುತ್ತಾ ಹೋದರೂ ರೂಪ ಕಳೆದುಕೊಳ್ಳುವುದಿಲ್ಲ. ಹುಡುಕಾಟದ ಶ್ರಮವನ್ನು ಎಲ್ಲಿ ಹಾಕಬೇಕೆಂದು ನಿರ್ಧರಿಸಲು ಈ ವ್ಯತ್ಯಾಸ ಗೊತ್ತಿರಬೇಕು.

ಈ ದಿನಗಳಲ್ಲಿ ಅನುಮಾನ ಬಹಳ ಸುಲಭವಾಗಿ ಮನೆಗೆಲಸದವರ ಕಡೆಗೋ, ಇತ್ತೀಚೆಗೆ ಬಂದುಹೋದ ದುರಸ್ತಿಯವನ ಕಡೆಗೋ, ಸಾಲ ಮಾಡಿಕೊಂಡ ಬಂಧುವಿನ ಕಡೆಗೋ ತಿರುಗುತ್ತದೆ. ಮನೆಗೆ ಯಾರು ಯಾವಾಗ ಬಂದಿದ್ದರೆಂಬುದನ್ನು ತನಿಖಾಧಿಕಾರಿಗೆ ಹೇಳುವುದು ಕರ್ತವ್ಯ. ಪುರಾವೆಯಿಲ್ಲದೆ ಒಬ್ಬರ ಮುಖಕ್ಕೆ ಆರೋಪ ಹೊರಿಸುವುದು ಬೇರೆಯೇ ವಿಷಯ. ನಾಳೆ ಒಡವೆ ಸಿಕ್ಕರೂ ಆ ಮಾತನ್ನು ಹಿಂದಕ್ಕೆ ಪಡೆಯಲಾಗದು. ಕೂಲಿಯನ್ನೇ ನಂಬಿದವರಿಗಂತೂ ಅಂಥ ಮಾತಿನಿಂದ ಅನ್ನದ ದಾರಿಯೇ ಮುಚ್ಚಬಹುದು.

ಕಳ್ಳ ಮತ್ತೆ ಬರುವ ಸಾಧ್ಯತೆ

‘ಒಮ್ಮೆ ದೋಚಿದ ಮನೆಗೆ ಮತ್ತೆ ಬರುವುದಿಲ್ಲ’ ಎಂಬ ನಂಬಿಕೆಗೆ ಆಧಾರವಿಲ್ಲ. ಒಮ್ಮೆ ಕಳವಾದ ಮನೆಗೆ ಅಪಾಯ ಹೆಚ್ಚೆಂದೂ, ಮೊದಲ ಕೆಲವು ವಾರಗಳಲ್ಲಿ ಅದು ಇನ್ನೂ ಹೆಚ್ಚೆಂದೂ ಅಪರಾಧದ ಅಧ್ಯಯನಗಳು ಕಂಡುಕೊಂಡಿವೆ. ಮನೆಯ ಒಳದಾರಿ ಕಳ್ಳನಿಗೆ ಗೊತ್ತಾಗಿರುತ್ತದೆ, ಹೋದ ವಸ್ತುಗಳ ಜಾಗಕ್ಕೆ ಹೊಸವು ಬಂದಿರುತ್ತವೆ ಎಂಬ ಎಣಿಕೆಯೂ ಇರುತ್ತದೆ. 1980ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ ಕಿರ್ಕ್‌ಹೋಲ್ಟ್ ಬಡಾವಣೆಯಲ್ಲಿ ಇದೇ ತಿಳಿವಳಿಕೆಯ ಮೇಲೆ ಒಂದು ಯೋಜನೆ ನಡೆಯಿತು. ಎಲ್ಲ ಮನೆಗಳಿಗೂ ರಕ್ಷಣೆ ಹಂಚುವ ಬದಲು ಈಗಾಗಲೇ ಕಳವಾದ ಮನೆಗಳಿಗೆ ಮೊದಲು ಭದ್ರತೆ ಒದಗಿಸಿದರು, ಕಳ್ಳರ ಕಣ್ಣಿಗೆ ಬೀಳುತ್ತಿದ್ದ, ನಾಣ್ಯ ಹಾಕಿ ಬಳಸುವ ಇಂಧನ ಮೀಟರುಗಳನ್ನು ತೆಗೆಸಿದರು, ಸುತ್ತಲಿನ ಐದಾರು ಮನೆಯವರಿಗೆ ಆ ಮನೆಯ ಮೇಲೆ ಕಣ್ಣಿಡುವಂತೆ ಹೇಳಿದರು. ಬಡಾವಣೆಯ ಕಳ್ಳತನಗಳು ಗಣನೀಯವಾಗಿ ಇಳಿದವು.

ಇದರಿಂದ ನಾವು ತೆಗೆದುಕೊಳ್ಳಬಹುದಾದ ಕ್ರಮ ಸರಳ. ಕಳ್ಳ ಬಂದ ದಾರಿಯನ್ನೇ ಮೊದಲು ಭದ್ರಪಡಿಸಬೇಕು, ಚೌಕಟ್ಟು ಸಡಿಲವಿದ್ದರೆ ಹೊಸ ಬೀಗದಿಂದ ಪ್ರಯೋಜನವಿಲ್ಲದ್ದರಿಂದ ಅದನ್ನೂ ಸರಿಪಡಿಸಬೇಕು. ನೆರೆಯವರಿಗೆ ನಾಚಿಕೆಯಿಲ್ಲದೆ ವಿಷಯ ತಿಳಿಸಬೇಕು. ಹೊಸದಾಗಿ ಕೊಂಡ ಟಿವಿಯ ಖಾಲಿ ಡಬ್ಬಿಯನ್ನು ಬಾಗಿಲ ಮುಂದೆ ಇಡಬಾರದು.

ಎರಡನೆಯ ಪಟ್ಟಿ: ನಿಮಗಾಗಿ

ಕಳ್ಳ ಮುಟ್ಟಿದ ಬಟ್ಟೆಗಳನ್ನೆಲ್ಲ ಒಗೆಯದೆ ಉಡಲಾಗದಿರುವುದು, ಸಣ್ಣ ಸದ್ದಿಗೂ ಎಚ್ಚರವಾಗುವುದು, ‘ಆ ದಿನ ಬೀಗವನ್ನು ಇನ್ನೊಮ್ಮೆ ಎಳೆದು ನೋಡಿದ್ದರೆ’ ಎಂದು ತನ್ನನ್ನೇ ಹಳಿದುಕೊಳ್ಳುವುದು, ಇಲ್ಲದ ಒಡವೆಯನ್ನು ಅದೇ ಕಪಾಟಿನಲ್ಲಿ ಮತ್ತೆ ಮತ್ತೆ ಹುಡುಕುವುದು — ಇವೆಲ್ಲ ಸಹಜ. ಸಮಾಜ ಒಪ್ಪಿ ಸಂತಾಪ ಸೂಚಿಸದ ದುಃಖಕ್ಕೆ ದುಃಖದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಕೆನೆತ್ ಡೋಕಾ 1980ರ ದಶಕದಲ್ಲಿ ಪ್ರತ್ಯೇಕ ಹೆಸರನ್ನೇ ಕೊಟ್ಟರು. ವಸ್ತುವಿಗಾಗಿ ಅಳುವವರದು ಅಂಥ ದುಃಖ. ವಸ್ತು ನಾಶವಾಗಿಲ್ಲ, ಎಲ್ಲೋ ಇದೆ ಎಂಬ ಆಸೆ ಆ ದುಃಖವನ್ನು ಮುಗಿಯಲೂ ಬಿಡುವುದಿಲ್ಲ.

ಎರಡನೆಯ ಪಟ್ಟಿಗೆ ತೂಕ, ಅಳತೆ ಬೇಡ. ಪ್ರತಿ ವಸ್ತು ಯಾರದಾಗಿತ್ತು, ನಿಮ್ಮ ಕೈಗೆ ಹೇಗೆ ಬಂತು, ಅದನ್ನು ಯಾವಾಗ ತೊಡುತ್ತಿದ್ದಿರಿ, ಅದನ್ನು ಕೊಟ್ಟವರು ಏನು ಹೇಳಿದ್ದರು ಎಂಬುದನ್ನು ಬರೆಯಿರಿ. ಮನಸ್ಸನ್ನು ಕಲಕಿದ ಘಟನೆಗಳನ್ನು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಬರೆಯಿಸಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ ಪ್ರಯೋಗ 1986ರಲ್ಲಿ ಪ್ರಕಟವಾದ ಮೇಲೆ ಈ ವಿಧಾನದ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ. ಅದರ ಪ್ರಯೋಜನ ಸಾಧಾರಣ ಮಟ್ಟದ್ದು, ಎಲ್ಲರಿಗೂ ಒಂದೇ ತೆರನಲ್ಲ. ಬರೆಯುವಾಗ ಸಂಕಟ ಹೆಚ್ಚಿದರೆ ನಿಲ್ಲಿಸಬಹುದು. ಬರೆಯಲಾಗದ ಹಿರಿಯರಿದ್ದರೆ ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಬಳೆಯ ಹಿಂದಿನ ವಿವರ ತಿಳಿದವರು ಮನೆಯಲ್ಲಿ ಅವರೊಬ್ಬರೇ ಆಗಿದ್ದರೆ, ಬಳೆ ಮನೆಯಲ್ಲಿದ್ದಾಗ ಯಾರೂ ಕೇಳದೆ ಉಳಿದಿದ್ದ ಸಂಗತಿಗಳು ಈಗ ಹೊರಬರಬಹುದು.

ಹೋದ ವಸ್ತುವಿನ ಜಾಗದಲ್ಲಿ ಅಂಥದ್ದೇ ಇನ್ನೊಂದನ್ನು ಮಾಡಿಸಬೇಕೇ ಎಂಬ ಪ್ರಶ್ನೆಗೆ ಆತುರದ ಉತ್ತರ ಬೇಡ. ಫೋಟೋ ನೋಡಿ ಮಾಡಿಸಿದ ಪ್ರತಿಯಿಂದ ಕೆಲವರಿಗೆ ನೆಮ್ಮದಿ, ಕೆಲವರಿಗೆ ಅದು ಪ್ರತಿ ಬಾರಿಯೂ ಅಸಲನ್ನೇ ನೆನಪಿಸುವ ಮುಳ್ಳು. ಯಾರ ವಸ್ತುವೋ ಅವರೇ ತೀರ್ಮಾನಿಸಲಿ. ಪ್ರೀತಿಯಿಂದಲೇ ಆದರೂ ಅವರನ್ನು ಕೇಳದೆ ಉಡುಗೊರೆಯಾಗಿ ಮಾಡಿಸಿ ತರಬಾರದು.

ಮಕ್ಕಳಿರುವ ಮನೆಯಲ್ಲಿ ವಿಷಯ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಪಿಸುಮಾತುಗಳನ್ನು ಕೇಳಿಸಿಕೊಂಡ ಮಗು ಇದಕ್ಕಿಂತ ದೊಡ್ಡದನ್ನು ಕಲ್ಪಿಸಿಕೊಳ್ಳುತ್ತದೆ. ನಡೆದದ್ದನ್ನು ಚುಟುಕಾಗಿ ಹೇಳಿ, ಹೊಸ ಬೀಗವನ್ನು ಅದರ ಕೈಯಲ್ಲೇ ಹಾಕಿಸಿ ತೋರಿಸುವುದು ಒಳ್ಳೆಯದು. ದೊಡ್ಡವರಲ್ಲಾಗಲಿ ಮಕ್ಕಳಲ್ಲಾಗಲಿ ನಿದ್ರಾಭಂಗ, ದುಃಸ್ವಪ್ನ, ಮನೆಯಲ್ಲಿ ಒಬ್ಬರೇ ಇರಲಾಗದ ಭಯ ಒಂದು ತಿಂಗಳು ಕಳೆದರೂ ಇಳಿಯದೆ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದ್ದರೆ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು.

ಮೊದಲ ಪಟ್ಟಿಯ ಕೆಲಸ ಮಾತ್ರ ದೂರು ಕೊಟ್ಟಲ್ಲಿಗೇ ನಿಲ್ಲುವುದಿಲ್ಲ. ಬೇರೊಂದು ಪ್ರಕರಣದಲ್ಲಿ ಸಿಕ್ಕಿಬಿದ್ದವರ ಬಳಿ ಹಳೆಯ ಕಳವಿನ ವಸ್ತುಗಳು ಪತ್ತೆಯಾಗುವುದುಂಟು. ಆಗ ನಿಮ್ಮನ್ನು ತಲುಪಲು ಪೊಲೀಸರ ಬಳಿ ಇರುವುದು ದೂರಿನಲ್ಲಿ ಬರೆದ ವಿಳಾಸ, ಫೋನ್ ಸಂಖ್ಯೆ ಮಾತ್ರ. ಅವು ಬದಲಾದರೆ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿ, ಪಟ್ಟಿಯ ಒಂದು ಪ್ರತಿಯನ್ನು ಬೇರೆ ಮನೆಯಲ್ಲಿರುವ ಬಂಧುವಿನ ಬಳಿಯೂ ಇಟ್ಟಿರಬೇಕು. ವಸ್ತು ಸಿಕ್ಕಿದೆ ಎಂದು ಕರೆ ಬಂದಾಗ ಫೋಟೋ, ರಸೀದಿ, ಪಟ್ಟಿಗಳೊಂದಿಗೆ ಹೋಗಿ, ಬೆಸುಗೆಯ ಗುರುತು ಯಾವ ಕೊಂಡಿಯ ಬಳಿ ಇದೆಯೆಂಬುದನ್ನು ವಸ್ತುವನ್ನು ನೋಡುವ ಮುಂಚೆಯೇ ಹೇಳಿ. ಅದು ಪ್ರಕರಣದ ಸಾಕ್ಷ್ಯವಾಗಿ ಇನ್ನೂ ಕೆಲವು ಕಾಲ ಅಧಿಕಾರಿಗಳ ವಶದಲ್ಲೇ ಇರಬೇಕಾಗಬಹುದು. ಬಿಡಿಸಿಕೊಳ್ಳಲು ಯಾರಿಗೆ ಅರ್ಜಿ ಕೊಡಬೇಕೆಂಬುದನ್ನು ಅಲ್ಲಿಯೇ ಕೇಳಿ ಬರೆದುಕೊಳ್ಳಿ.